ನೆಲ ನಮ್ಮದು, ಮರ ಯಾರದು?

1964ರ ಭೂಕಂದಾಯ ಕಾಯ್ದೆಯನ್ನು ಯಾರೂ ಸುಮ್ಮನೆ ಕೂತು ಓದುವುದಿಲ್ಲ. ಆದರೆ ಅದರ 79ನೇ ಕಲಮಿನಲ್ಲಿ ಒಂದು ಪಟ್ಟಿ ಇದೆ. ಅದನ್ನು ಜೋರಾಗಿ ಓದಿಕೊಂಡರೆ ಇಡೀ ಪಶ್ಚಿಮ ಘಟ್ಟದ ಉದ್ದಕ್ಕೂ ನಡೆದು ಬಂದ ಹಾಗಾಗುತ್ತದೆ. ದಕ್ಷಿಣ ಕನ್ನಡದ ಕುಮ್ಕಿ, ಕಾನೆ, ಬಾಣೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೇ ಮೈಸೂರಿನ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಪೂರ್ತಿ ಕಾಡೂ ಅಲ್ಲದ, ಪೂರ್ತಿ ತೋಟವೂ ಅಲ್ಲದ, ಗದ್ದೆಗೋ ತೋಟಕ್ಕೋ ಅಂಟಿಕೊಂಡು ಬೆಳೆದ ಮರಗಳ ನೆಲಕ್ಕೆ ನಮ್ಮ ಜನ ಇಷ್ಟು ಹೆಸರು ಇಟ್ಟಿದ್ದರು. ಏಕೀಕರಣವಾದ ಎಂಟು ವರ್ಷಕ್ಕೆ ಸರ್ಕಾರ ಇವನ್ನೆಲ್ಲ ಒಂದೇ ಕಲಮಿನಲ್ಲಿ ಹಾಕಿ, ಇಲ್ಲಿ ರೈತರು ಅನುಭವಿಸುತ್ತಿರುವ ಸವಲತ್ತುಗಳು ಹಾಗೆಯೇ ಮುಂದುವರಿಯುತ್ತವೆ ಎಂದಿತು.

ಗಮನಿಸಬೇಕಾದ ಮಾತು ‘ಸವಲತ್ತು’. ಕಾಯ್ದೆ ‘ಹಕ್ಕು’ ಎನ್ನಲಿಲ್ಲ. ಈ ಎರಡು ಮಾತುಗಳ ನಡುವಿನ ಸಂದಿಯಲ್ಲಿ ನಮ್ಮ ಕಡೆಯ ಖಾಸಗಿ ಕಾಡುಗಳ ಇನ್ನೂರು ವರ್ಷದ ಕಥೆ ಇದೆ.

ಪುಣೆಯಲ್ಲಿ ಕೂತು ಇದನ್ನೆಲ್ಲ ಓದುವ ಗರಜು ನನಗೆ ಬಂದದ್ದು ಪಾಲುಪಟ್ಟಿಯಿಂದ. ಸೋಮವಾರಪೇಟೆ ಕಡೆಯ ತಾಯಿಯ ತವರಿನ ಆಸ್ತಿ ಭಾಗವಾಗುವಾಗ ಗದ್ದೆ, ಕಾಫಿ ತೋಟಗಳ ಜೊತೆ ಒಂದಷ್ಟು ಬಾಣೆಯೂ ಪಟ್ಟಿಯಲ್ಲಿತ್ತು. ಅದನ್ನು ಏನು ಮಾಡುವುದು ಎಂಬ ಪ್ರಶ್ನೆ ಈಗ ಪುಣೆ, ಹೈದರಾಬಾದ್, ಬೆಂಗಳೂರುಗಳಲ್ಲಿ ಹಂಚಿಹೋಗಿರುವ ನಮ್ಮ ಮುಂದಿದೆ. ಈ ಪುಟಗಳನ್ನು ಓದುವ ಅನೇಕರ ಮನೆಯಲ್ಲೂ ಇಂಥದೇ ಒಂದು ಕಾಗದ ಇರಬಹುದು. ಉತ್ತರ ಹೇಳುವ ಮೊದಲು ಆ ನೆಲಕ್ಕೆ ಏನಾಗುತ್ತಾ ಬಂತು ಎಂದು ತಿಳಿಯುವುದು ಒಳ್ಳೆಯದು ಅನಿಸಿತು.

ಗದ್ದೆಗಾಗಿ ಇದ್ದ ಕಾಡು

ಕೊಡಗಿನಲ್ಲಿ ಭೂಮಿಯ ಲೆಕ್ಕ ಶುರುವಾಗುತ್ತಿದ್ದದ್ದು ಭತ್ತದ ಗದ್ದೆಯಿಂದ. ಹಾಲೇರಿ ಅರಸರ ಕಾಲದಲ್ಲಿ ಒಂದು ಒಕ್ಕಕ್ಕೆ ಗದ್ದೆ ಸಿಕ್ಕಿತೆಂದರೆ ಅದರ ಸುತ್ತಲಿನ ಏರು ನೆಲದ ಕಾಡೂ ಗದ್ದೆಯ ಜೊತೆಗೇ ಬರುತ್ತಿತ್ತು. ಅದು ಬಾಣೆ. ಅದಕ್ಕೆ ಕಂದಾಯವಿಲ್ಲ. ಸೇವೆಗೆ ಪ್ರತಿಯಾಗಿ ತಲೆಮಾರುಗಳವರೆಗೆ ಕೊಟ್ಟ ಭೂಮಿ ಜಮ್ಮಾ; ಅದರ ಗದ್ದೆಗೂ ಸಾಮಾನ್ಯ ಸಾಗು ಭೂಮಿಯ ಅರ್ಧದಷ್ಟೇ ಕಂದಾಯ.

ಬಾಣೆ ಗದ್ದೆಯ ಉಗ್ರಾಣವಿದ್ದಂತೆ. ಗೊಬ್ಬರಕ್ಕೆ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ, ನೇಗಿಲಿಗೆ ಮರ, ಮನೆಗೆ ತೊಲೆ ಎಲ್ಲವೂ ಅಲ್ಲಿಂದಲೇ. ಬೆಟ್ಟದ ಇಳಿಜಾರಿನಲ್ಲಿ ಮರ ಇದ್ದರೆ ಮಳೆನೀರು ನೆಲಕ್ಕೆ ಇಂಗಿ, ನಿಧಾನವಾಗಿ ಕೆಳಗಿನ ಗದ್ದೆಗೆ ಇಳಿಯುತ್ತಿತ್ತು. ಬಾಣೆ ಬೋಳಾದರೆ ಗದ್ದೆ ಬಡವಾಗುತ್ತದೆ ಎಂಬುದು ಪ್ರತಿ ಮನೆಗೂ ಗೊತ್ತಿತ್ತು. ಹಾಗಾಗಿ ಸೊಪ್ಪು ಸವರುವಾಗಲೂ ಮರ ಸಾಯದಂತೆ ಸವರುತ್ತಿದ್ದರು. ವನ್ಯಜೀವಿ ರಕ್ಷಣೆ ಎಂಬ ಮಾತು ಆಗ ಯಾರ ಬಾಯಲ್ಲೂ ಇರಲಿಲ್ಲ. ಆದರೂ ಅತ್ತಿ, ಬಸರಿ, ಗೋಣಿ, ಹಲಸು ಉಳಿದಿದ್ದರಿಂದ ಮಂಗಟ್ಟೆ ಹಕ್ಕಿಗೂ ಕೆಂಜಳಿಲಿಗೂ ಬಾಳು ಸಾಗುತ್ತಿತ್ತು.

ಇಲ್ಲಿ ಎಲ್ಲವೂ ಸರಿಯಿತ್ತು ಎನ್ನುವುದು ನನ್ನ ಉದ್ದೇಶವಲ್ಲ. ಗದ್ದೆಯಲ್ಲಿ ದುಡಿದ ಅನೇಕರಿಗೆ ಬಾಣೆಯಲ್ಲಿ ಪಾಲಿರಲಿಲ್ಲ. ಕೋವಿ ಹಿಡಿದು ಬೇಟೆಗೆ ಹೋಗುವುದು ಹೆಮ್ಮೆಯ ವಿಷಯವಾಗಿತ್ತು. ನಾನು ಹೇಳುತ್ತಿರುವುದು ಇಷ್ಟೇ: ಮರವನ್ನು ಉಳಿಸಿಕೊಳ್ಳಲು ಮನೆಯ ಯಜಮಾನನಿಗೆ ಒಂದು ಕಾರಣವಿತ್ತು, ಆ ಕಾರಣ ಅವನ ಕಣ್ಣೆದುರಿನ ಗದ್ದೆಯಲ್ಲಿತ್ತು.

ಒಂದು ಹುಳ ಉಳಿಸಿದ ಮರಗಳು

1834ರಲ್ಲಿ ಚಿಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು. ಇಪ್ಪತ್ತು ವರ್ಷಕ್ಕೆ, 1854ರಲ್ಲಿ, ಮಡಿಕೇರಿ ಬಳಿ ಮೊದಲ ಯುರೋಪಿಯನ್ ಕಾಫಿ ಎಸ್ಟೇಟ್ ಎದ್ದಿತು. ಮುಂದಿನ ಹತ್ತು ಹನ್ನೆರಡು ವರ್ಷ ಘಟ್ಟದ ಕಾಡುಗಳಿಗೆ ಕೆಟ್ಟ ಕಾಲ. ದೊರೆಗಳು ಮರ ಕಡಿದು, ಬೆಂಕಿ ಹಾಕಿ, ಬಯಲು ಮಾಡಿ ಕಾಫಿ ನೆಟ್ಟರು. ಬಿಸಿಲು ಹೆಚ್ಚಾದರೆ ಬೆಳೆ ಹೆಚ್ಚು ಎಂಬುದು ಅವರ ಲೆಕ್ಕ.

ಆಗ ಬಂತು ಬಿಳಿ ಕಾಂಡಕೊರಕ. ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವ ಈ ಹುಳಕ್ಕೆ ಬಿಸಿಲು ಬೀಳುವ ಕಾಂಡವೆಂದರೆ ಇಷ್ಟ. 1860ರ ದಶಕದಲ್ಲಿ ಕೊಡಗು, ಮೈಸೂರು, ವಯನಾಡುಗಳ ತೋಟಗಳು ಎಕರೆಗಟ್ಟಲೆ ಒಣಗಿದವು. ಕಾರಣ ಹುಡುಕಲು ಮದ್ರಾಸ್ ಸರ್ಕಾರ ಜಾರ್ಜ್ ಬಿಡಿ ಎಂಬ ವೈದ್ಯನನ್ನು ಕಳುಹಿಸಿತು. ತೋಟ ತೋಟ ಸುತ್ತಿ 1869ರಲ್ಲಿ ಆತ ಕೊಟ್ಟ ವರದಿಯ ಮುಖ್ಯ ಸಲಹೆಗಳಲ್ಲೊಂದು ನೆರಳು: ಕಾಫಿಯ ಮೇಲೆ ಮರ ಇರಲಿ.

ಕಾಡು ಕಡಿದವರು ಮತ್ತೆ ಮರ ನೆಟ್ಟರು, ಕಡಿಯದವರು ಇದ್ದುದನ್ನು ಬಿಟ್ಟರು. ಕೊಡಗಿನ ಮನೆತನಗಳು ತಮ್ಮ ಬಾಣೆಗಳಲ್ಲಿ ಕಾಫಿ ಹಾಕತೊಡಗಿದಾಗ ಈ ಪಾಠ ಆಗಲೇ ಊರಲ್ಲಿ ಇತ್ತು. ಹಾಗಾಗಿ ಅವರು ಅಡಿಯ ಕುರುಚಲು ಸವರಿ, ಮೇಲಿನ ದೊಡ್ಡ ಮರಗಳನ್ನು ಉಳಿಸಿ, ನಡುವೆ ಕಾಫಿ ಕೂರಿಸಿದರು. ನೀರು ನಿಲ್ಲಿಸಿಕೊಳ್ಳುವ, ತಂಪು ಕೊಡುವ ಆಲದ ಜಾತಿಯ ಮರಗಳಿಗೆ ವಿಶೇಷ ಮರ್ಯಾದೆ ಸಿಕ್ಕಿತು. ಬಾಣೆಯ ಸ್ವರೂಪ ಬದಲಾಯಿತು, ಮರದ ಚಪ್ಪರ ಉಳಿಯಿತು. ಇಂದು ಪ್ರವಾಸಿಗರು ಕಾಡಿನಂತೆ ಕಾಣುತ್ತದೆ ಎಂದು ಫೋಟೋ ತೆಗೆಯುವ ಹಳೇ ತೋಟಗಳ ಹಿಂದೆ ಈ ಹುಳದ ಉಪಕಾರವೂ ಇದೆ.

ನೆಲದಿಂದ ಮರವನ್ನು ಬೇರೆ ಮಾಡಿದ್ದು

ಇದೇ ಹೊತ್ತಿಗೆ ಇನ್ನೊಂದು ಕೆಲಸ ಕಚೇರಿಗಳಲ್ಲಿ ನಡೆಯುತ್ತಿತ್ತು. ಹಡಗು, ರೈಲು ಹಳಿಗಳಿಗೆ ಮರ ಬೇಕಾಗಿದ್ದ ಸರ್ಕಾರಕ್ಕೆ ತೇಗ, ಬೀಟೆ, ಹೊನ್ನೆ ಎಂದರೆ ಹಣ. 1899ರ ಕೊಡಗು ಭೂಕಂದಾಯ ನಿಯಮಾವಳಿ ಬಾಣೆಯ ಅರ್ಥವನ್ನು ಬರೆದು ಗಟ್ಟಿ ಮಾಡಿತು. ಬಾಣೆ ಇರುವುದು ಗದ್ದೆಯ ಸೇವೆಗೆ: ಮೇವಿಗೆ, ಸೊಪ್ಪಿಗೆ, ಸೌದೆಗೆ. ಮನೆಯ ಉಪಯೋಗಕ್ಕೆ ಮರ ತೆಗೆದುಕೊಳ್ಳಬಹುದು. ಮಾರಾಟದ ಮರದ ಮೇಲಿನ ಹಕ್ಕನ್ನು ಸರ್ಕಾರ ತನ್ನ ಕೈಯಲ್ಲಿ ಇಟ್ಟುಕೊಂಡಿತು.

ಇದರಿಂದ ಹುಟ್ಟಿದ ಎರಡು ಮಾತುಗಳು ಕೊಡಗಿನ ಕಂದಾಯ ಕಚೇರಿಗಳಲ್ಲಿ ಇಂದೂ ಕೇಳುತ್ತವೆ: ರಿಡೀಮ್ಡ್, ಅನ್‌ರಿಡೀಮ್ಡ್. ನೆಲ ಮಂಜೂರಾದಾಗ ಮೇಲಿದ್ದ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ್ದರೆ ಅದು ರಿಡೀಮ್ಡ್, ಮರ ಮಾಲೀಕನದು. ಕಟ್ಟಿರದಿದ್ದರೆ ಅನ್‌ರಿಡೀಮ್ಡ್, ನೆಲ, ಕಾಫಿ, ಮೆಣಸು ಮಾಲೀಕನದು, ಮರ ಸರ್ಕಾರದ್ದು. ಅಜ್ಜ ಕಾಪಾಡಿದ ಬೀಟೆಯಿಂದ ಮೊಮ್ಮಗನಿಗೆ ನೆರಳು ಸಿಗಬಹುದು, ಅದರ ಬೆಲೆ ಸಿಗುವುದಿಲ್ಲ.

ಇದು ಕೊಡಗಿಗೆ ಮಾತ್ರ ಸೀಮಿತವಾದ ಕಥೆಯಲ್ಲ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟ ಕೊಡುತ್ತಿದ್ದರು. ಸೊಪ್ಪು, ದರಕು ತೋಟಿಗನದು. ನೆಲವೂ ಮರವೂ ಸರ್ಕಾರದ್ದು. ಕೆಲವರ ಬೆಟ್ಟ ಇಂದಿಗೂ ದಟ್ಟವಾಗಿದೆ, ಕೆಲವರದು ವರ್ಷ ವರ್ಷ ಸೊಪ್ಪು ಕಡಿಸಿಕೊಂಡು ಬೋಳು ಹುಲ್ಲುಗಾವಲಾಗಿದೆ.

ಗಂಧದ ಕಥೆಯಂತೂ ಎಲ್ಲರಿಗೂ ಗೊತ್ತು. 1792ರಲ್ಲಿ ಟಿಪ್ಪು ಅದನ್ನು ಅರಸನ ಮರವೆಂದು ಸಾರಿದ. ಅವನ ನಂತರ ಬಂದ ಒಡೆಯರು, ಬ್ರಿಟಿಷರು, ನಮ್ಮ ಸರ್ಕಾರ ಯಾರೂ ಅದನ್ನು ಬಿಟ್ಟುಕೊಡಲಿಲ್ಲ. ಹೊಲದ ಬದುವಿನಲ್ಲಿ ಗಂಧದ ಗಿಡ ಹುಟ್ಟಿದರೆ ಅದನ್ನು ಕಾಯುವ ಜವಾಬ್ದಾರಿ ರೈತನದು, ಕಳುವಾದರೆ ವಿಚಾರಣೆಯೂ ಅವನದೇ. ಸಸಿ ಕಂಡ ಕೂಡಲೇ ಕಿತ್ತೆಸೆಯುವುದು ಕ್ಷೇಮ ಎಂಬ ತಿಳಿವಳಿಕೆ ಹಳ್ಳಿಗಳಲ್ಲಿ ಬೆಳೆದದ್ದು ಹೀಗೆ. 2001ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ತನ್ನ ನೆಲದ ಗಂಧಕ್ಕೆ ರೈತನೇ ಒಡೆಯ ಎಂದಾಯಿತು. ಅದಾದ ಮೇಲೆ ರೈತರು ಗಂಧ ನೆಡುವುದನ್ನು ನಾವು ನೋಡುತ್ತಿದ್ದೇವೆ. ಕಳ್ಳರ ಕಾಟ ಹೋಗಿಲ್ಲ, ನಿಜ. ಆದರೆ ಇನ್ನೂರು ವರ್ಷ ಕೀಳಲು ಕಲಿತವರು ನೆಡಲು ಶುರುಮಾಡಿದ್ದಾರೆ.

ಸಿಲ್ವರ್ ಓಕ್ ಬಂದ ದಾರಿ

ಈಗ ಕೊಡಗಿಗೆ ಮರಳೋಣ. ಪೂರ್ವ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಹತ್ತೊಂಬತ್ತನೇ ಶತಮಾನದಲ್ಲೇ ಚಹಾ, ಕಾಫಿ ತೋಟಗಳಿಗೆ ನೆರಳಿಗೆಂದು ಭಾರತಕ್ಕೆ ಬಂದಿತ್ತು. ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಹೇಳಿಮಾಡಿಸಿದ ಮರ. ಇಷ್ಟು ಕಾಲ ಅದು ತೋಟದ ಹತ್ತಾರು ಮರಗಳಲ್ಲಿ ಒಂದಾಗಿತ್ತು.

1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ನೆಲದ ಮರ ಕಡಿಯಲೂ ಅಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ: ತೆಂಗು, ರಬ್ಬರ್, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್. ಉದ್ದೇಶ ಒಳ್ಳೆಯದೇ, ಕಾಡಿನ ಮರ ಉಳಿಯಲಿ, ನೆಟ್ಟ ಮರವನ್ನು ರೈತ ಮಾರಿಕೊಳ್ಳಲಿ ಎಂದು. ಆದರೆ ತೋಟದ ಮಾಲೀಕನ ಜಾಗದಲ್ಲಿ ನಿಂತು ನೋಡಿ. ಒಂದು ಹೊನ್ನೆ ಬೆಳೆಯಲು ಒಂದು ಆಯುಷ್ಯ ಬೇಕು, ಬೆಳೆದ ಮೇಲೆ ಅದು ಸರ್ಕಾರದ್ದಾಗಿರಬಹುದು, ಅವನದೇ ಆದರೂ ಕಡಿಯಲು ಕಾಗದ ಹಿಡಿದು ಅಲೆಯಬೇಕು. ಸಿಲ್ವರ್ ಓಕ್ ಅವನ ಕಣ್ಣೆದುರೇ ಬೆಳೆಯುತ್ತದೆ, ಮಗಳ ಮದುವೆಗೋ ಮಗನ ಕಾಲೇಜಿಗೋ ಹಣ ಬೇಕಾದಾಗ ಕಡಿದು ಮಾರಬಹುದು. ಹಳೇ ಮರ ಬಿದ್ದ ಜಾಗದಲ್ಲಿ ಅವನು ಯಾವುದನ್ನು ನೆಡುತ್ತಾನೆ?

ಅದರ ಮೇಲೆ 1990ರ ದಶಕ ಬಂತು. ಅಲ್ಲಿಯವರೆಗೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು. 1992ರಿಂದ ಹಂತ ಹಂತವಾಗಿ ಮಾರುಕಟ್ಟೆ ತೆರೆಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಸುಟ್ಟಾಗ ಬೆಲೆ ಗಗನಕ್ಕೇರಿತು. ಅಲ್ಲಿಯವರೆಗೆ ಸುಮ್ಮನೆ ಬಿಟ್ಟಿದ್ದ ಬಾಣೆಗಳಿಗೂ ಕಾಫಿ ಹತ್ತಿತು. ಅರೇಬಿಕಾಗಿಂತ ಕಡಿಮೆ ನೆರಳಿನಲ್ಲಿ ಬೆಳೆಯುವ ರೊಬಸ್ಟಾ ಹರಡಿತು. ಗದ್ದೆಗೆ ಸೊಪ್ಪು ಬೇಕಿರಲಿಲ್ಲ. ಅಂಗಡಿಯಲ್ಲಿ ಗೊಬ್ಬರದ ಮೂಟೆ ಸಿಗುತ್ತಿತ್ತು. ಬಾಣೆಯನ್ನು ಬಾಣೆಯಾಗಿ ಇಟ್ಟುಕೊಳ್ಳಲು ಇದ್ದ ಹಳೆಯ ಕಾರಣ ಹೀಗೆ ಸದ್ದಿಲ್ಲದೆ ಹೋಯಿತು.

ಪುದುಚೇರಿಯ ಫ್ರೆಂಚ್ ಸಂಸ್ಥೆ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಸಂಶೋಧಕರು ಕೊಡಗಿನ ತೋಟಗಳ ಮರಗಳನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಕಾಡಿನ ಮರಗಳ ಜಾಗಕ್ಕೆ ಸಿಲ್ವರ್ ಓಕ್ ಮೆಲ್ಲಮೆಲ್ಲನೆ ಬರುತ್ತಿದೆ, ಅದಕ್ಕೆ ಮರದ ಹಕ್ಕಿನ ಗೊಂದಲವೂ ಒಂದು ಮುಖ್ಯ ಕಾರಣ ಎಂಬುದು ಅವರು ಮತ್ತೆ ಮತ್ತೆ ಹೇಳಿದ ಮಾತು. ದೂರದಿಂದ ನೋಡಿದರೆ ಬೆಟ್ಟ ಹಸಿರಾಗಿಯೇ ಇರುತ್ತದೆ. ಒಳಗೆ ಹೋದರೆ ಹಣ್ಣಿನ ಮರ ಇಲ್ಲ, ಪೊಟರೆ ಇಲ್ಲ. ದೊಡ್ಡ ಮರದ ಪೊಟರೆಯಲ್ಲಿ ಗೂಡು ಕಟ್ಟುವ ಮಂಗಟ್ಟೆಗೆ ನೆಟ್ಟಗಿನ ಎಳೆಯ ಮರದಿಂದ ಏನೂ ಉಪಯೋಗವಿಲ್ಲ.

ಬೇರೆ ರಾಜ್ಯಗಳು ಹಿಡಿದ ದಾರಿ

ನಾವೀಗ ಇರುವ ಊರುಗಳ ಸರ್ಕಾರಗಳು ಇದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಮದ್ರಾಸ್ ಪ್ರಾಂತ್ಯ 1949ರಲ್ಲಿ ಖಾಸಗಿ ಅರಣ್ಯಗಳ ಸಂರಕ್ಷಣಾ ಕಾಯ್ದೆ ತಂದು, ಅನುಮತಿಯಿಲ್ಲದೆ ಕಡಿಯಬಾರದು, ಮಾರಬಾರದು ಎಂದಿತು. ಕೇರಳ 1971ರಲ್ಲಿ ಖಾಸಗಿ ಕಾಡುಗಳನ್ನು ಕಾಯ್ದೆಯ ಮೂಲಕ ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಮಹಾರಾಷ್ಟ್ರ 1975ರ ಆಗಸ್ಟ್ 30ರಂದು ಅದೇ ಮಾಡಿತು. ಆ ಕಾಯ್ದೆಯ ಬಿಸಿ ಮುಂಬೈಯ ಮುಲುಂಡ್ ಕಡೆಯ ಫ್ಲ್ಯಾಟುಗಳವರೆಗೂ ಮುಟ್ಟಿ, ನಿಮ್ಮ ಕಟ್ಟಡ ನಿಂತಿರುವುದು ಕಾಡಿನ ಮೇಲೆ ಎಂಬ ತಕರಾರು ಸುಪ್ರೀಂ ಕೋರ್ಟಿನಲ್ಲಿ 2014ರಲ್ಲಿ ತೀರ್ಮಾನವಾಯಿತು.

ಇನ್ನೊಂದು ದಾವೆಯ ಹೆಸರು ಅರಣ್ಯದ ಬಗ್ಗೆ ಓದುವ ಎಲ್ಲರಿಗೂ ಪರಿಚಿತ: ಗೋದಾವರ್ಮನ್. 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಟಿ. ಎನ್. ಗೋದಾವರ್ಮನ್ ತಿರುಮಲ್ಪಾಡ್ ಕೇರಳದ ನಿಲಂಬೂರು ಕೋವಿಲಗದವರು. ನಮ್ಮ ಬಂಡೀಪುರದಿಂದ ದೂರವಿಲ್ಲದ ಗೂಡಲೂರಿನ ಕಾಡುಗಳು ಒಂದು ಕಾಲಕ್ಕೆ ಆ ಮನೆತನದವು. ಮನೆತನದ ಕೈಬಿಟ್ಟ ಕಾಡು ಕಣ್ಣೆದುರು ಕಡಿದುಹೋಗುವುದನ್ನು ನೋಡಲಾಗದೆ ಅವರು ಮೊಕದ್ದಮೆ ಹೂಡಿದರು. 1996ರ ಡಿಸೆಂಬರ್ 12ರ ಆದೇಶದಲ್ಲಿ ಕೋರ್ಟು, ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡೇ ಎಂದಿತು. ಆ ಒಂದು ಸಾಲು ದೇಶದಲ್ಲಿ ಲೆಕ್ಕವಿಲ್ಲದಷ್ಟು ಮರ ಉಳಿಸಿದೆ. ಆದರೆ ನನ್ನ ಜಮೀನು ಕಾಡಿನಂತೆ ಕಂಡರೆ ನಾಳೆ ಅದರ ಮೇಲೆ ನನಗೆ ಹಿಡಿತ ಇರುವುದಿಲ್ಲ ಎಂಬ ಹೆದರಿಕೆಯನ್ನೂ ಕೆಲವು ಮಾಲೀಕರಲ್ಲಿ ಹುಟ್ಟಿಸಿತು. ಹೆದರಿದವನು ಮರ ನೆಡುವುದಿಲ್ಲ.

ಹಾಗಾದರೆ ಎಲ್ಲವನ್ನೂ ಮಾಲೀಕರಿಗೆ ಬಿಟ್ಟುಕೊಟ್ಟರೆ ಸರಿಹೋಗುತ್ತದೆಯೇ? ಅದನ್ನೂ ನಂಬಲು ನನಗೆ ಧೈರ್ಯವಿಲ್ಲ. ಪೂರ್ತಿ ಹಕ್ಕು ಸಿಕ್ಕ ದಿನವೇ ಟಿಂಬರ್ ವ್ಯಾಪಾರಿಗೆ ಫೋನ್ ಮಾಡುವವರೂ ಇದ್ದಾರೆ. ಇನ್ನು ಯಾರದೂ ಅಲ್ಲದ ನೆಲಕ್ಕೆ ಏನಾಗುತ್ತದೆ ಎನ್ನುವುದಕ್ಕೆ ಕೊಡಗಿನ ದೇವರಕಾಡುಗಳೇ ಸಾಕ್ಷಿ. ದೇವರ ಹೆಸರಿನಲ್ಲಿದ್ದ ಈ ಕಾಡುಗಳು 1905ರಲ್ಲಿ ಕಂದಾಯ ಇಲಾಖೆಗೆ ಹೋದವು, 1985ರಲ್ಲಿ ಅರಣ್ಯ ಇಲಾಖೆಗೆ ಮರಳಿದವು. ಹೋಗುವಾಗ ಸುಮಾರು 6,300 ಹೆಕ್ಟೇರ್ ಇದ್ದದ್ದು ಬರುವಾಗ ಸುಮಾರು 2,550 ಹೆಕ್ಟೇರ್ ಆಗಿತ್ತು.

ಕೊಕ್ಕರೆಯ ಹುಣಸೆಮರ

ಇಲ್ಲಿ ನನಗೆ ನೆನಪಾಗುವುದು ಘಟ್ಟದಿಂದ ದೂರದ ಒಂದು ಬಯಲುಸೀಮೆಯ ಊರು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಮನೆಗಳ ನಡುವಿನ ಮರಗಳಲ್ಲಿ. ಮರಗಳು ಊರವರವು. ಹಕ್ಕಿ ಕೂತ ಹುಣಸೆಮರದಿಂದ ಹುಣಸೆಹಣ್ಣು ಕೈಗೆ ಬರುವುದಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಮಾಡಿತು. ಆ ಊರು 2007ರಲ್ಲಿ ಸಮುದಾಯ ಸಂರಕ್ಷಿತ ಪ್ರದೇಶವಾಯಿತು. ಹಕ್ಕಿಯ ಮೇಲಿನ ಊರಿನ ಪ್ರೀತಿ ಹಳೆಯದು. ಆ ಪ್ರೀತಿಗೆ ತಗಲುವ ಖರ್ಚಿನಲ್ಲಿ ಸರ್ಕಾರವೂ ಪಾಲು ಹಾಕಿತು.

ಇನ್ನೊಂದು ದಾರಿ ದಕ್ಷಿಣ ಕೊಡಗಿನ ಬ್ರಹ್ಮಗಿರಿ ತಪ್ಪಲಿನಲ್ಲಿದೆ. ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಪಾಳುಬಿದ್ದ ತೋಟ ಕೊಂಡು, ಅದನ್ನು ಕಾಡಾಗಲು ಬಿಟ್ಟರು. ಸುತ್ತಲಿನವರು ಮಾರಲು ಬಂದಾಗಲೆಲ್ಲ ಕೊಳ್ಳುತ್ತಾ ಹೋಗಿ ಅದು ಸುಮಾರು 300 ಎಕರೆಯ ಖಾಸಗಿ ಅಭಯಧಾಮವಾಯಿತು. ಅದು ದೊಡ್ಡ ಕೆಲಸ. ಆದರೆ ನೆಲದಿಂದ ಹುಟ್ಟುವಳಿ ನಿರೀಕ್ಷಿಸದೆ ಇರುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆರು ಜನರಲ್ಲಿ ಹಂಚಿಹೋದ ಬಾಣೆಗೆ ಅದು ಮಾದರಿಯಾಗುವುದು ಕಷ್ಟ.

ನಮ್ಮಂಥವರಿಗೆ ಸಾಧ್ಯವಾಗುವುದು ಹಳೇ ಬಾಣೆಯ ನಡುದಾರಿ. ಅದಕ್ಕೆ ದೊಡ್ಡ ವಿದ್ಯೆ ಬೇಡ. ತೊರೆಯ ಎರಡೂ ಬದಿಯ ಮರಗಳಿಗೆ ಕೊಡಲಿ ಮುಟ್ಟಿಸಬಾರದು. ಒಣಗಿ ನಿಂತ ಒಂದೆರಡು ದೊಡ್ಡ ಮರಗಳನ್ನು ಮನೆಗೂ ಆಳುಗಳು ಓಡಾಡುವ ದಾರಿಗೂ ದೂರವಿದ್ದರೆ ಹಾಗೆಯೇ ಬಿಡಬೇಕು. ಪೊಟರೆ ಆಗುವುದು ಅಲ್ಲಿ. ಅತ್ತಿ, ಬಸರಿ, ಗೋಣಿಗಳನ್ನು ಎಣಿಸಿ ಇಡಬೇಕು, ಬಿದ್ದರೆ ಅದೇ ಜಾತಿಯ ಸಸಿ ನೆಡಬೇಕು. ಲಾಂಟಾನಾ ಕೀಳಬೇಕು, ಆದರೆ ಅದರ ನೆಪದಲ್ಲಿ ತಾನಾಗಿ ಹುಟ್ಟಿದ ಕಾಡುಸಸಿಗಳನ್ನು ಕೊಚ್ಚಬಾರದು. ಬೇಸಿಗೆಗೆ ಮುಂಚೆ ಅಂಚಿನಲ್ಲಿ ಬೆಂಕಿರೇಖೆ ತೆಗೆಯಬೇಕು. ಸಿಲ್ವರ್ ಓಕ್ ಇರಲಿ, ಆದರೆ ಇರುವ ಮರ ತೆಗೆದು ಅದನ್ನು ನೆಡುವುದು ಬೇಡ. ನೆರಳು ಹದ ಮಾಡಲು ಮಳೆಗೆ ಮುಂಚೆ ಮರಗಸಿ ಮಾಡಿಸುವಾಗ ಯಾವ ಕೊಂಬೆ ಉಳಿಯಬೇಕೆಂದು ಹೇಳಲು ಮನೆಯವರೊಬ್ಬರು ಅಲ್ಲಿ ನಿಂತಿರಬೇಕು.

ಕಷ್ಟದ ಮಾತನ್ನೂ ಹೇಳಬೇಕು. ಕೊಡಗಿನಲ್ಲಿ ಆನೆಗಳು ತೋಟದೊಳಗೇ ತಿರುಗುತ್ತವೆ, ಹಲಸಿನ ಕಾಲದಲ್ಲಿ ಇನ್ನೂ ಹೆಚ್ಚು. ಬೆಳಿಗ್ಗೆ ಕೆಲಸಕ್ಕೆ ಬರುವ ಆಳುಗಳು ಆನೆಗೆ ಸಿಕ್ಕಿ ಸತ್ತ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಕಾಡು ಉಳಿಸೋಣ ಎಂದು ಪುಣೆಯಲ್ಲಿ ಕೂತು ಬರೆಯುವ ನನಗೆ ಆ ಅಪಾಯ ಇಲ್ಲ. ಅದನ್ನು ಹೊರುವುದು ಅಲ್ಲಿ ಕೂಲಿಗೆ ಬರುವವರು. ಅವರ ರಕ್ಷಣೆಯ ಖರ್ಚನ್ನು ಲೆಕ್ಕಕ್ಕೆ ಹಿಡಿಯದ ಯಾವ ಕಾಡುಪ್ರೇಮವನ್ನೂ ನಾನು ಒಪ್ಪಲಾರೆ.

2011ರಲ್ಲಿ ಜಮ್ಮಾ ಬಾಣೆಯ ಒಡೆತನದ ಗೊಂದಲ ಬಿಡಿಸಲು ಭೂಕಂದಾಯ ಕಾಯ್ದೆಗೇ ತಿದ್ದುಪಡಿ ಬಂತು. ನೆಲದ ಪ್ರಶ್ನೆ ಒಂದು ದಡಕ್ಕೆ ಬರುತ್ತಿದೆ. ಮರದ ಪ್ರಶ್ನೆ ಇನ್ನೂ ನಿಂತಿದೆ. ಗಂಧಕ್ಕೆ ಮಾಡಿದ್ದನ್ನು ಹೊನ್ನೆಗೂ ಮತ್ತಿಗೂ ಎಚ್ಚರದಿಂದ ಮಾಡಬಹುದು. ಬೆಳೆಸಿದವನಿಗೆ ಬೆಲೆಯಲ್ಲಿ ಪಾಲು, ಕಡಿದವನಿಗೆ ಮತ್ತೆ ನೆಡುವ ಕಟ್ಟಳೆ, ಕಡಿಯದೆ ಉಳಿಸಿಕೊಂಡವನಿಗೆ ಕೊಕ್ಕರೆಬೆಳ್ಳೂರಿನ ಹುಣಸೆಮರದ ಲೆಕ್ಕ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಸಣ್ಣ ಕೆಲಸ. ಊರಿನ ಜಮೀನಿನ ಪಹಣಿ ತೆಗೆಸಿ ನೋಡಿ. ಬಾಣೆ, ಬೆಟ್ಟ, ಕುಮ್ಕಿ, ಹಾಡಿ ಏನೆಂದು ಬರೆದಿದೆ, ಮರದ ಹಕ್ಕು ಯಾರದು ಎಂದು ತಿಳಿದುಕೊಳ್ಳಿ. ಮುಂದಿನ ಸಲ ಊರಿಗೆ ಹೋದಾಗ ಮರಗಳನ್ನು ಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡು ಒಂದು ಸುತ್ತು ಹಾಕಿ, ಒಂದೊಂದರ ಹೆಸರನ್ನೂ ಬರೆದುಕೊಳ್ಳಿ. ಮಾರುವುದೋ ಉಳಿಸಿಕೊಳ್ಳುವುದೋ ಆಮೇಲೆ ತೀರ್ಮಾನಿಸಬಹುದು. ನಮ್ಮ ಮನೆಯ ಪಟ್ಟಿ ನಲವತ್ತೊಂದು ಜಾತಿಗಳವರೆಗೆ ಬಂದಿದೆ, ಇನ್ನೂ ತೊರೆಯ ಆಚೆಯ ಬದಿ ಬಾಕಿ ಇದೆ.